ಗುಳ್ಳೆ ನಿಂತ ಮೇಲೆ

ಆ ಮನುಷ್ಯ ಸತ್ತ ಸುದ್ದಿ ಬಂದಾಗ ನಾನು ಊಟಕ್ಕೆ ಕುಳಿತಿದ್ದೆ. ಸುದ್ದಿ ಓದಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ. ಸುಳ್ಳು ಯಾಕೆ ಹೇಳಲಿ, ಆ ರೊಟ್ಟಿ ಎಂದಿಗಿಂತ ರುಚಿಯಾಗಿಯೇ ಇತ್ತು.

ಸುದ್ದಿ ಬಂದದ್ದು ಸುತ್ತು ಬಳಸಿ. ಎರಡು ಸಾವಿರದ ಇಪ್ಪತ್ತೆರಡರಲ್ಲಿ ಎಲ್ಲೋ ಉತ್ತರದ ಸಮುದ್ರದ ತಳದಲ್ಲಿದ್ದ ಗ್ಯಾಸ್ ಪೈಪು ಒಡೆದು, ನೀರು ಅನ್ನದ ಗಡಿಗೆಯ ಹಾಗೆ ಕುದಿಯುವ ವಿಡಿಯೋ ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತಲ್ಲ, ಅದನ್ನು ನಮ್ಮ ಐಟಿಐ ಗೆಳೆಯರ ಗುಂಪಿಗೆ ಒಬ್ಬ ಹಾಕಿದ. ಕೆಳಗೆ ‘ಬಳಿ ಮಾಸ್ತರ ನೆನಪಾದ’ ಎಂದು ಬರೆದಿದ್ದ. ಅದಕ್ಕೆ ಇನ್ನೊಬ್ಬ, ‘ಅಂವ ಹೋಗಿ ಎರಡು ತಿಂಗಳಾತಲ್ಲೋ, ಹಿಟ್ನಾಳದಾಗ’ ಎಂದು ಉತ್ತರ ಕೊಟ್ಟ. ಆಮೇಲೆ ಇಡೀ ಗುಂಪೇ ಮಾಸ್ತರನ ಮೇಲೆ ಬಿತ್ತು. ಸತ್ತವರನ್ನು ಬೈಯಬಾರದು ಅನ್ನುವ ಮರ್ಯಾದೆಯನ್ನು ಒಬ್ಬರೂ ಇಟ್ಟುಕೊಳ್ಳಲಿಲ್ಲ. ಇಟ್ಟುಕೊಳ್ಳುವ ಹಾಗೆ ಅವನು ಬದುಕಿರಲೂ ಇಲ್ಲ.

ನಾನು ಅವನಿಗೆ ಬಹುವಚನ ಹಚ್ಚುವುದಿಲ್ಲ. ಹೆಸರನ್ನೂ ಬರೆಯುವುದಿಲ್ಲ. ಬರೆದರೆ ಅವನ ಕಡೆಯವರು ನೊಂದುಕೊಳ್ಳುತ್ತಾರೆ ಅಂತಲ್ಲ, ಅವನ ಕಡೆಯವರು ಅಂತ ಯಾರೂ ಇರಲಿಲ್ಲ. ನನಗೇ ಆ ಹೆಸರು ಬರೆಯಲು ಕೈ ಬರುವುದಿಲ್ಲ.

ತೊಂಬತ್ತೇಳರಲ್ಲಿ ನಾನು ಕೊಪ್ಪಳದ ಒಂದು ಖಾಸಗಿ ಐಟಿಐಗೆ ವೆಲ್ಡಿಂಗ್ ಕಲಿಯಲು ಸೇರಿದೆ. ಗಿಣಿಗೇರಾದಲ್ಲಿ ಕಬ್ಬಿಣದ ಕಾರ್ಖಾನೆಗಳು ಏಳುತ್ತಿದ್ದ ಕಾಲ. ವೆಲ್ಡಿಂಗ್ ಬಂದವನಿಗೆ ಹೆಣ್ಣು ಕೊಡುತ್ತಾರೆ ಅನ್ನುವಷ್ಟು ಬೆಲೆ ಇತ್ತು. ಅಲ್ಲಿ ಇವನು ಕಲಿಸುತ್ತಿದ್ದ. ಕುಷ್ಟಗಿ ಕಡೆಯವನು. ಬೇಸಿಗೆ ಬಂದರೆ ಬಾವಿಯ ತಳ ಕಾಣುವ ಊರಿನವನು ಸಮುದ್ರದಲ್ಲಿ ಮುಳುಗುವ ಕೆಲಸಕ್ಕೆ ಹೇಗೆ ಹೋದ ಅಂತ ನಾವು ಹಿಂದಿನಿಂದ ನಗುತ್ತಿದ್ದೆವು. ಮುಂಬೈ ಆಚೆಯ ಸಮುದ್ರದಲ್ಲಿ, ತಳದಲ್ಲಿ ಹಾಸಿದ ಗ್ಯಾಸ್ ಪೈಪುಗಳ ತೂತು ಹುಡುಕಿ ಬೆಸುಗೆ ಹಾಕುವ ಕೆಲಸ ಮಾಡಿ, ಕಿವಿಯ ತಮಟೆ ಒಡೆದುಕೊಂಡು ಊರಿಗೆ ಬಂದಿದ್ದ. ಅರ್ಧ ಕಿವುಡು. ಹಾಗಾಗಿ ಬೈಯುವುದೂ ಕೂಗಿಯೇ, ಹೊಗಳುವುದೂ ಕೂಗಿಯೇ ಇರಬೇಕು, ಆದರೆ ಹೊಗಳಿದ್ದನ್ನು ನಾವು ಕೇಳಲಿಲ್ಲ.

ವರ್ಕ್‌ಶಾಪಿನ ಮೂಲೆಯಲ್ಲಿ ಅವನದೊಂದು ಗಾಜಿನ ತೊಟ್ಟಿ ಇತ್ತು. ಯಾವುದೋ ಹೋಟೆಲಿನವರು ಮೀನು ಸಾಕಿ, ಮೀನೆಲ್ಲ ಸತ್ತ ಮೇಲೆ ಬಿಸಾಕಿದ್ದು. ಅದರಲ್ಲಿ ನೀರು ತುಂಬಿ, ತೂತು ಕೊರೆದ ಪೈಪು ಮುಳುಗಿಸಿ, ಅದಕ್ಕೆ ಕಂಪ್ರೆಸರಿನ ಗಾಳಿ ಬಿಟ್ಟು, ಜೇಬಿನಿಂದ ಶೇಂಗಾ ತೆಗೆದು ಬಾಯಿಗೆ ಹಾಕಿಕೊಳ್ಳುತ್ತ ಪಾಠ ಶುರು ಮಾಡುತ್ತಿದ್ದ.

“ಕೇಳ್ರಿಲೇ. ಸಮುದ್ರದ ತಳದಾಗ ಪೈಪ್ ಐತಿ. ಒಳಗ ಗ್ಯಾಸ್ ಜಡದು ತುಂಬ್ಯಾರ. ಮ್ಯಾಲ ನೀರು ಕುಂತೈತಿ. ಹಡಗಿನ ಲಂಗರ ಬಡೀತೋ, ತುಕ್ಕ ತಿಂತೋ, ಏನೋ ಆಗಿ ತೂತು ಬಿತ್ತು. ಒಳಗ ಒತ್ತಡ ಜಾಸ್ತಿ, ಗ್ಯಾಸ್ ಹೊರಗ ಬರ್ತೈತಿ. ತಳದಾಗ ಗುಳ್ಳಿ ಈ ಶೇಂಗಾದಷ್ಟ. ಮ್ಯಾಲ ಬಂದಂಗ ನೀರಿನ ಭಾರ ಕಡಿಮಿ, ಗುಳ್ಳಿ ಉಬ್ಬಿ ಉಬ್ಬಿ ಬುಟ್ಟಿಯಷ್ಟ ಆಗ್ತೈತಿ. ಎಲ್ಲೀತನಕ ಬರ್ತೈತಿ ಹೇಳ್ರಿ.”

“ಗ್ಯಾಸ್ ಖಾಲಿ ಆಗೂತನಕ ಸರ” ಎಂದು ಯಾರೋ ಅಂದರು.

“ನಿನ್ನ ತಲಿ ಖಾಲಿ ಐತಿ. ಒಳಗಿನ ಒತ್ತಡ, ಹೊರಗಿನ ನೀರಿನ ಒತ್ತಡ ಸಮ ಆಗೂತನಕ. ಸಮ ಆತು, ಗುಳ್ಳಿ ನಿಂತ್ವು. ಗ್ಯಾಸ್ ಇನ್ನೂ ಒಳಗ ಐತಿ. ಆಫೀಸಿನಾಂವ ಏನಂತಾನ? ಲೈನ್ ಸತ್ತೈತಿ, ಇಳೀರಿ ಅಂತಾನ. ಅಷ್ಟರಾಗ ದಂಡಿ ಕಡೆ ಯಾರೋ ಉಳದ ಗ್ಯಾಸನ್ನ ಎಳಕೊಂಡಿರ್ತಾರ. ಈಗ ಒಳಗ ಕಡಿಮಿ, ಹೊರಗ ಜಾಸ್ತಿ. ಇಷ್ಟೊತ್ತು ಉಗುಳತಿದ್ದ ತೂತು ಈಗ ನುಂಗಾಕ ಕುಂತೈತಿ. ಗುಳ್ಳಿ ಬರೂತನಕ ಅಂಜಬ್ಯಾಡ್ರಿ. ಗುಳ್ಳಿ ನಿಂತ ಮ್ಯಾಲ ಅಂಜ್ರಿ.”

ಇಷ್ಟು ಹೇಳಿ ಬಿಟ್ಟಿದ್ದರೆ ಒಳ್ಳೆಯ ಮಾಸ್ತರನೇ ಆಗುತ್ತಿದ್ದನೇನೋ. ಬಿಡುತ್ತಿರಲಿಲ್ಲ. ಗಾಳಿ ಬಿಡುವ ಪೈಪು ತೆಗೆದು ಗಾಳಿ ಹೀರುವ ಪೈಪು ಹಚ್ಚುತ್ತಿದ್ದ. ಅದು ತೊಟ್ಟಿಯ ಅಂಚಿನ ಮೇಲಿಂದ ಬಾಗಿ ನೀರಿಗೆ ಇಳಿದಿರುತ್ತಿತ್ತು, ಬಾಗಿದ ಕಡೆ ನೆತ್ತಿಗೆ ಒಂದು ಸಣ್ಣ ನಲ್ಲಿ. ಒಬ್ಬೊಬ್ಬರನ್ನೇ ಕರೆದು, ನೀರಿನೊಳಗೆ ಪೈಪಿನ ಬಾಯಿಗೆ ಅಂಗೈ ಇಡಿಸುತ್ತಿದ್ದ. ಕೈ ಕಚ್ಚಿಕೊಂಡುಬಿಡುತ್ತಿತ್ತು. ಎಳೆದರೆ ಬರುತ್ತಿರಲಿಲ್ಲ. ಹುಡುಗ ಬಿಳುಚಿಕೊಂಡು ಎಳೆದಾಡುತ್ತಿದ್ದರೆ ಇವನು ಶೇಂಗಾ ತಿನ್ನುತ್ತಿದ್ದ. ಗೆಳೆಯರು ಎಳೆಯಲು ಹೋದರೆ ಅವರ ಬೆನ್ನಿಗೆ ಬೀಳುತ್ತಿತ್ತು ಕಬ್ಬಿಣದ ಸ್ಕೇಲು. ಕಣ್ಣಲ್ಲಿ ನೀರು ಬಂದ ಮೇಲೆ ನೆತ್ತಿಯ ನಲ್ಲಿ ತಿರುಗಿಸುತ್ತಿದ್ದ. ಸೊರ್ ಎಂದು ಗಾಳಿ ಒಳಗೆ ಹೋಗಿ ಕೈ ತಾನಾಗಿ ಕಳಚುತ್ತಿತ್ತು. ಅಂಗೈಯಲ್ಲಿ ಕೆಂಪನೆಯ ಬಳೆ ಎದ್ದಿರುತ್ತಿತ್ತು, ಸಂಜೆವರೆಗೂ ಹೋಗುತ್ತಿರಲಿಲ್ಲ. ಅದಕ್ಕೇ ನಾವು ಅವನನ್ನು ಬಳಿ ಮಾಸ್ತರ ಅಂದದ್ದು.

“ಎಳದ್ರ ಬರಂಗಿಲ್ಲ” ಅನ್ನುತ್ತಿದ್ದ. “ಎಳದ್ರ ಯಾರೂ ಸಾಯಂಗೂ ಇಲ್ಲ. ಎಳಿಯೂದು ಅನ್ನೂದು ದಂಡಿಮ್ಯಾಲ ನಿಂತವರ ಸಮಾಧಾನಕ್ಕ. ಗಾಳಿ ಒಳಗ ಬಿಡಬೇಕು. ಅಷ್ಟ ವಿದ್ಯಾ.”

ಸಮುದ್ರದಲ್ಲಿ ಅವನ ಜೋಡಿಯವನೊಬ್ಬ ಹೀಗೆಯೇ ಗುಳ್ಳೆ ನಿಂತ ಪೈಪಿಗೆ ಭುಜದವರೆಗೆ ಕೈ ಕೊಟ್ಟು ಸಿಕ್ಕಿಕೊಂಡನಂತೆ. ಮೇಲಿನವರು ಹಗ್ಗ ಹಿಡಿದು ಎಳೆದೇ ಎಳೆದರಂತೆ. ಪೈಪಿನೊಳಗೆ ಒತ್ತಡ ಸಮ ಮಾಡುವಷ್ಟರಲ್ಲಿ ಅವನ ಗಾಳಿ ತೀರಿತ್ತು. ಇದನ್ನು ಹೇಳುವಾಗಲೂ ಶೇಂಗಾ ತಿನ್ನುವುದು ನಿಲ್ಲಿಸಲಿಲ್ಲ. “ಅಳತಾ ಇದ್ನೇನ್ರಿ ಸರ ಅಂವ?” ಎಂದು ಒಬ್ಬ ಕೇಳಿದ. “ನೀರಾಗ ಅತ್ರ ಹೆಂಗ ಗೊತ್ತಾಗ್ತೈತಲೇ ಹುಚ್ಚ” ಎಂದು ನಕ್ಕ.

ನಮ್ಮ ಜತೆಗೆ ವೀರೇಶ ಅಂತ ಕಿನ್ನಾಳದ ಹುಡುಗ ಇದ್ದ. ಮನೆಯವರೆಲ್ಲ ಬಣ್ಣದ ಗೊಂಬೆ ಮಾಡುವವರು. ಶಿಕ್ಷಕರ ದಿನಕ್ಕೆ ಅವನು ತಮ್ಮ ಅಜ್ಜಿ ಬಣ್ಣ ಹಾಕಿದ ಒಂದು ಆನೆ ಗೊಂಬೆ ತಂದು ಇವನ ಕೈಗೆ ಕೊಟ್ಟ. ನಮಗೆಲ್ಲ ಅದನ್ನು ನೋಡಿಯೇ ಆಸೆಯಾಗಿತ್ತು. ಇವನು ಆನೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಯಾರದೋ ಸ್ಟೀಲಿನ ಊಟದ ಡಬ್ಬಿ ತರಿಸಿ, ಅದರೊಳಗೆ ಆನೆಯನ್ನೂ ನಾಲ್ಕು ನಟ್ಟುಗಳನ್ನೂ ಇಟ್ಟು ತೊಟ್ಟಿಯಲ್ಲಿ ತೇಲಿಬಿಟ್ಟ. ಡಬ್ಬಿ ಅಂಚಿನವರೆಗೆ ಮುಳುಗಿ ತೇಲಿತು. ಕೆಳಗಿನಿಂದ ಗಾಳಿ ಬಿಟ್ಟ. ತೊಟ್ಟಿ ತುಂಬ ನೊರೆಗುಳ್ಳೆ ಎದ್ದು, ಡಬ್ಬಿ ಆನೆ ಸಮೇತ ತಳಕ್ಕೆ ಹೋಯಿತು.

“ನೋಡಿದ್ರಾ? ಗುಳ್ಳಿ ತುಂಬಿದ ನೀರಿಗೆ ಹೊರೂ ತಾಕತ್ತಿಲ್ಲ. ಸೋರೂ ಪೈಪಿನ ಮ್ಯಾಲ ಹಡಗ ಬಂದ್ರೂ ಹಿಂಗ.”

ಪಾಠ ಮುಗಿದ ಮೇಲೆ ಆನೆಯನ್ನು ತೆಗೆದ. ಬಣ್ಣವೆಲ್ಲ ಬಿಟ್ಟು, ಮೈಮೇಲಿನ ಲೇಪ ಕರಗಿ, ಕಟ್ಟಿಗೆ ಕಾಣುತ್ತಿತ್ತು. “ತಗೋ, ನಿಮ್ಮಜ್ಜಿಗೆ ಕೊಡು. ನೀರಿಗೆ ತಡಿಯೂ ಬಣ್ಣ ಹಚ್ಚಾಕ ಹೇಳು” ಎಂದು ವೀರೇಶನ ಕೈಗೇ ಇಟ್ಟ. ವೀರೇಶ ಇಂದಿಗೂ ಆ ಆನೆಯ ಮಾತು ಎತ್ತಿದರೆ ಹಲ್ಲು ಕಡಿಯುತ್ತಾನೆ.

ಬೆಸುಗೆ ಸರಿಯಿಲ್ಲದವರ ಪೈಪನ್ನು ತೊಟ್ಟಿಗೆ ಹಾಕಿ, ಗುಳ್ಳೆ ನಿಲ್ಲುವವರೆಗೂ ಬಸ್ಕಿ ಹೊಡೆಸುತ್ತಿದ್ದ. ಕಂಪ್ರೆಸರ್ ಬಂದ್ ಮಾಡುವವನೂ ಅವನೇ, ಗುಳ್ಳೆ ನಿಲ್ಲುವುದೆಲ್ಲಿಂದ ಬಂತು! ಒಬ್ಬ ಗಿಣಿಗೇರಾದ ಹುಡುಗ ತಲೆ ತಿರುಗಿ ಬಿದ್ದಾಗ ಮುಖಕ್ಕೆ ಅದೇ ತೊಟ್ಟಿಯ ನೀರು ಎರಚಿದ. ಒಂದು ಮಾತು ಮಾತ್ರ ಒಪ್ಪಿಕೊಳ್ಳಬೇಕು. ಒತ್ತಡದ ವಿಷಯದಲ್ಲಿ ಅವನು ಒಂದು ಸುಳ್ಳೂ ಹೇಳಿದ್ದಿಲ್ಲ, ತಿಳಿಯಲಿ ಅಂತ ಸತ್ಯವನ್ನು ಸ್ವಲ್ಪ ಬಗ್ಗಿಸಿದ್ದೂ ಇಲ್ಲ. ಹುಡುಗರ ಮೇಲೆ ಕರುಣೆ ಇಲ್ಲದವನು ನಿಯಮದ ವಿಷಯದಲ್ಲೂ ಹಾಗೆಯೇ ಇದ್ದ.

ಇಂಥವನನ್ನು ನಮ್ಮಣ್ಣ ದೇವಪ್ಪ ಮೆಚ್ಚಿಕೊಂಡುಬಿಟ್ಟ. ಯಾವುದೋ ಕೆಲಸಕ್ಕೆ ಐಟಿಐಗೆ ಬಂದವನಿಗೆ ಇವನು “ನಿನ್ನ ತಮ್ಮನ ಕೈಯಾಗ ವೆಲ್ಡಿಂಗ್ ರಾಡ್ ಕೊಡೂದಕ್ಕಿಂತ ಕತ್ತೆಗೆ ಕ್ಷೌರದ ಕತ್ತರಿ ಕೊಟ್ರ ಛಲೋ” ಅಂದನಂತೆ. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. ಅಣ್ಣನ ಸ್ವಭಾವವೇ ಹಾಗೆ, ಬೈಯುವವರನ್ನು ಕಂಡರೆ ಅವನಿಗೆ ಅಕ್ಕರೆ. ನಾನು ಕಲಿತು ಮುಗಿಸಿ ಗಿಣಿಗೇರಾದಲ್ಲಿ ಕೆಲಸಕ್ಕೆ ಸೇರಿದ ಮೇಲೂ ಅವರಿಬ್ಬರ ಗೆಳೆತನ ನಡೆದೇ ಇತ್ತು. ಒಂದು ವರ್ಷ ಅಣ್ಣ ಅವನನ್ನು ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಯ ಹಬ್ಬಕ್ಕೆ, ನಮ್ಮ ಹೊಲಕ್ಕೆ ಊಟಕ್ಕೆ ಕರೆದ.

ನಮ್ಮ ಹೊಲ ಇರುವುದು ಗಂಗಾವತಿ ಕಡೆ, ಎಡದಂಡೆ ಕಾಲುವೆಯ ಪಕ್ಕಕ್ಕೆ. ಕಾಲುವೆ ಎತ್ತರದ ಏರಿಯ ಮೇಲೆ ಹರಿಯುತ್ತದೆ, ಹೊಲ ಏರಿಯ ಕೆಳಗೆ. ನೀರು ಸಾಲದವರೆಲ್ಲ ಏರಿಯ ಮೇಲಿಂದ ಎಂಟಿಂಚಿನ ಪೈಪು ಹಾಯಿಸಿ, ಒಂದು ಬಾಯಿ ಕಾಲುವೆಯಲ್ಲಿ ಮುಳುಗಿಸಿ ಇನ್ನೊಂದು ಬಾಯಿ ಹೊಲಕ್ಕೆ ಇಳಿಬಿಟ್ಟಿದ್ದರು. ಹಾಕಬಾರದು ಅಂತ ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಹಾಕಿದ್ದರು. ಪಂಪಿಲ್ಲ, ಕರೆಂಟಿಲ್ಲ. ಒಮ್ಮೆ ಪೈಪು ತುಂಬ ನೀರು ತುಂಬಿದರೆ ತಾನಾಗಿ ಎಳೆದುಕೊಳ್ಳುತ್ತಿರುತ್ತದೆ. ಆದರೆ ಆ ತುಂಬುವುದಿದೆಯಲ್ಲ, ಅದು ಹೆಂಗಸರ ನಡು ಮುರಿಯುವ ಕೆಲಸ. ಎರಡೂ ಬಾಯಿಗೆ ಗೋಣಿಚೀಲ ತುರುಕಿ, ಏರಿಯ ನೆತ್ತಿಯಲ್ಲಿ ಪೈಪಿಗಿರುವ ತೂತಿನಿಂದ ಕೊಡಗಟ್ಟಲೆ ನೀರು ಹೊಯ್ದು, ಗಾಳಿ ಪೂರಾ ಹೊರಟ ಮೇಲೆ ತೂತಿಗೆ ಸೈಕಲ್ ಟ್ಯೂಬು ಸುತ್ತಿದ ಬಿರಡೆ ಬಡಿದು, ಆಮೇಲೆ ಬಾಯಿ ಬಿಚ್ಚಬೇಕು. ಬಿರಡೆ ಕಿತ್ತರೆ ಗಾಳಿ ಹೊಕ್ಕು ನೀರು ನಿಲ್ಲುತ್ತದೆ, ಮತ್ತೆ ಮೊದಲಿನಿಂದ ಕೊಡ ಹೊರಬೇಕು. ನಮ್ಮ ಮನೆಯಲ್ಲಿ ಹೊರುವವಳು ಅವ್ವ.

ಆ ದಿನ ಬೆಳಿಗ್ಗೆ ಗಾಡಿ ಹತ್ತುವಾಗಲೇ ಅವ್ವ ಅಣ್ಣನಿಗೆ ಹೇಳಿದ್ದಳು. “ಇವತ್ತೊಂದಿನ ನನ್ನ ಕೈಲೆ ಕೊಡ ಹೊರಸಬ್ಯಾಡಪಾ. ಹಬ್ಬ ಐತಿ.”

ಹಬ್ಬದ ಅಡಿಗೆಯ ಎಡೆಯನ್ನು ಜೋಳದ ಪೈರಿಗೆ ಎರಚಿ ಚರಗ ಚೆಲ್ಲಿ ಆಯಿತು. ಉಣ್ಣಲು ಕೂರುವ ಮುಂಚೆ ನೀರು ಸಣ್ಣಗಾದದ್ದು ಅಣ್ಣನ ಕಣ್ಣಿಗೆ ಬಿತ್ತು. ಕಾಲುವೆಯ ಕಡೆಯ ಬಾಯಿಗೆ ಪಾಚಿ, ಪ್ಲಾಸ್ಟಿಕ್ಕು ಸಿಕ್ಕಿರಬೇಕು. ಬಿರಡೆ ಕಿತ್ತು, ನೀರು ನಿಲ್ಲಿಸಿ, ಆಮೇಲೆ ಇಳಿಯಬೇಕು. ಅವ್ವನ ಮಾತು ನೆನಪಾಗಿ ಬಿರಡೆಯ ತಂಟೆಗೆ ಹೋಗದೆ ಹಾಗೆಯೇ ಕಾಲುವೆಗೆ ಇಳಿದ. ಕಸದ ಉಂಡೆಯನ್ನು ಕಿತ್ತ. ಕಸ ಬಂತು, ಅದರ ಜಾಗಕ್ಕೆ ಅವನ ಬಲಗೈ ಭುಜದವರೆಗೆ ಹೋಯಿತು. ಪೈಪಿನ ಬಾಯಿ ಎದೆಯಾಳದ ನೀರಿನಲ್ಲಿತ್ತು. ಭುಜ ಕಚ್ಚಿಕೊಂಡ ಮೇಲೆ ತಲೆ ನೀರಿನೊಳಗೇ ಉಳಿಯಿತು.

ನಾನು ಗಾಡಿಯಿಂದ ಮಜ್ಜಿಗೆ ಕೊಡ ತರಲು ಹೊಲದ ಆ ತುದಿಗೆ ಹೋಗಿದ್ದೆ. ಕೂಗು ಕೇಳಿ ಓಡಿ ಏರಿ ಹತ್ತುವಷ್ಟರಲ್ಲಿ ನಾನು ಕಂಡದ್ದು ಇಷ್ಟು. ನೀರಿನಲ್ಲಿ ಅಪ್ಪ ಮತ್ತು ಕಾಕಾ ಅಣ್ಣನ ನಡು ಹಿಡಿದು ಎಳೆಯುತ್ತಿದ್ದರು. ನೆತ್ತಿಯ ಮೇಲೆ ಅವ್ವ ಪೈಪನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು, ಬಿರಡೆಯ ಮೇಲೆಯೇ ಎದೆಯೂರಿ ಕುಳಿತಿದ್ದಳು. ಮಾಸ್ತರ ಒಂದು ಕೈಯಲ್ಲಿ ಹೊಲದ ಕೊಡಲಿ ಹಿಡಿದು, ಇನ್ನೊಂದು ಕೈಯಿಂದ ಅವಳನ್ನು ಕೀಳಲು ನೋಡುತ್ತಿದ್ದ.

“ಪೈಪ್ ಹಿಡ್ಕೊಂಡಾನ್ರಿ ನನ್ನ ಮಗ. ಪೈಪ್ ಒಡದ್ರ ನೀರು ಒಯ್ತೈತ್ರಿ ಅವನ್ನ” ಎನ್ನುತ್ತಿದ್ದಳು ಅವ್ವ. ಕೊಡಲಿ ಬಂದದ್ದು ಪೈಪು ಒಡೆಯಲು, ಮಗ ಪೈಪನ್ನು ಹಿಡಿದುಕೊಂಡು ಜೀವ ಉಳಿಸಿಕೊಂಡಿದ್ದಾನೆ ಅಂತ ಅವಳ ಲೆಕ್ಕ. ಪೈಪೇ ಮಗನನ್ನು ಹಿಡಿದಿದೆ ಅಂತ ಆಕೆಗೆ ಹೊಳೆಯುವುದಾದರೂ ಹೇಗೆ?

ಮಾಸ್ತರ ಒದರಿದ, ಬೈದ, ಬೆರಳು ಬಿಡಿಸಲು ನೋಡಿದ. ತಾಯಿಯ ಹಿಡಿತ ಬಿಡಲಿಲ್ಲ. ಕಡೆಗೆ ಅವಳ ತುರುಬಿಗೆ ಕೈ ಹಾಕಿ, ನೆಲದ ಮೇಲೆ ದರದರ ಎಳೆದು ಏರಿಯ ಕೆಳಕ್ಕೆ ಉರುಳಿಸಿದ. ಹಬ್ಬಕ್ಕೆ ಉಟ್ಟ ಸೀರೆ, ಮುಡಿದ ಹೂವು, ಸುತ್ತಲಿನ ಹೊಲದವರೆಲ್ಲ ನೋಡುತ್ತಿದ್ದಾರೆ. ನಾನು ಅವನನ್ನು ಹಿಡಿಯುವಷ್ಟರಲ್ಲಿ ಕೊಡಲಿಯ ಹಿಂಬದಿಯಿಂದ ಬಿರಡೆ ಹಾರಿಸಿದ್ದ. ಸೊರ್ ಎಂದು ಗಾಳಿ ಒಳಗೆ ಹೋಯಿತು. ಕೆಳಗೆ ಅಣ್ಣ ತಾನಾಗಿ ಕಳಚಿಕೊಂಡು ಅಪ್ಪನ ತೋಳಿಗೆ ಬಂದ.

ಬಂದ, ಆದರೆ ಹೋಗಿದ್ದ. ಮಾಸ್ತರ ಎದೆ ಒತ್ತಿದ, ಬಾಯಿಗೆ ಬಾಯಿ ಇಟ್ಟು ಊದಿದ, ಕೆನ್ನೆಗೆ ಹೊಡೆದ, “ಏಳಲೇ ಸೂಳೆಮಗನ” ಎಂದು ಬೈದ. ಬೈದರೆ ನಗುವ ಅಣ್ಣ ಈ ಸಲ ನಗಲಿಲ್ಲ.

ಅವ್ವ ಕೆದರಿದ ಕೂದಲಲ್ಲೇ ಅಂಬೆಗಾಲಿಟ್ಟು ಏರಿ ಹತ್ತಿ ಬಂದಳು. ಮಗನ ತಲೆ ತೊಡೆಯ ಮೇಲಿಟ್ಟುಕೊಂಡು, ಅಳಲಿಲ್ಲ, ಮಾಸ್ತರನ ಮುಖ ನೋಡಿ ಕೇಳಿದಳು. “ಯಾಕ್ರಿ ಅಷ್ಟ ಹೊತ್ತಾತು? ಲಗೂ ಯಾಕ ಬರಲಿಲ್ಲ ನನ್ನ ಮಗ?”

ಮಾಸ್ತರ ಅವಳನ್ನು ನೋಡಿದ. ಆಮೇಲೆ ಅಪ್ಪನ ಕಡೆ ತಿರುಗಿ ಬೆರಳು ತೋರಿಸಿ, ಅವ್ವನಿಗೂ ಏರಿಯ ಮೇಲಿದ್ದವರಿಗೆಲ್ಲ ಕೇಳುವ ಹಾಗೆ ಕೂಗಿದ.

“ಇಂವ ಎಳದ. ಕೈ ಹಚ್ಚಬ್ಯಾಡ ಅಂದ್ರೂ ಎಳದ. ಎಳದದ್ದಕ್ಕ ಸತ್ತ. ನಿನ್ನ ಮಗನ್ನ ನಿನ್ನ ಗಂಡ ಕೊಂದ.”

ಅಪ್ಪ ತಲೆ ತಗ್ಗಿಸಿದ. ಮಾಸ್ತರ ಎದ್ದು, ಉಣ್ಣದೆ, ನಡೆದುಕೊಂಡೇ ಹೋದ. ಮಣ್ಣಿಗೂ ಬರಲಿಲ್ಲ.

ಅವತ್ತಿನಿಂದ ನಾನು ಅವನ ಮುಖ ನೋಡಲಿಲ್ಲ. ಅವ್ವನ ತುರುಬು ಹಿಡಿದದ್ದನ್ನು ಒಂದು ವೇಳೆ ನುಂಗಿಕೊಳ್ಳುತ್ತಿದ್ದೆ. ಅದು ಬೇಕಿತ್ತು ಅಂತ ಆ ತೊಟ್ಟಿಯಲ್ಲಿ ಕೈ ಕೊಟ್ಟಿದ್ದ ನನಗೆ ಗೊತ್ತಿತ್ತು. ಆದರೆ ಎಳೆದರೆ ಸಾಯುವುದಿಲ್ಲ ಅಂತ ವರ್ಷಪೂರ್ತಿ ನಮ್ಮ ತಲೆಗೆ ತುಂಬಿದ್ದು ಅವನೇ ಅಲ್ಲವೇ? ಹೆಣದ ಮುಂದೆ ನಿಂತು, ಹೆತ್ತ ತಂದೆಗೆ, ಗೊತ್ತಿದ್ದೂ ಗೊತ್ತಿದ್ದೂ ಸುಳ್ಳು ಹೇಳಿದ. ಕಚ್ಚುವುದಕ್ಕೆ ಸತ್ಯ ಸಾಲದೆ ಸುಳ್ಳನ್ನೂ ತಂದ.

ಆ ಮಾತು ಊರಿಗೆ ಹಬ್ಬಿತು. ಸಮುದ್ರದಲ್ಲಿ ಮುಳುಗಿ ಬಂದವನ ಮಾತು, ಯಾರು ಇಲ್ಲ ಅಂತಾರೆ? ಒಂದು ಸಲ ನೆರೆಯವರ ಎತ್ತು ಬಾವಿಗೆ ಬಿದ್ದಿತ್ತು. ಊರವರೆಲ್ಲ ಹಗ್ಗ ಹಿಡಿದಿದ್ದರು. ಅಪ್ಪನೂ ಓಡಿ ಹೋಗಿ ಹಗ್ಗಕ್ಕೆ ಕೈ ಹಾಕಿದ. ಮುಂದಿದ್ದವನೊಬ್ಬ ತಿರುಗಿ ನೋಡಿ, “ಕಾಕಾ, ನೀವು ಎಳೀಬ್ಯಾಡ್ರಿ” ಅಂದ. ಅಪ್ಪ ಹಗ್ಗ ಬಿಟ್ಟು ಮನೆಗೆ ಬಂದು, ಸಂಜೆಯವರೆಗೆ ಕಟ್ಟೆಯ ಮೇಲೆ ಅಂಗೈ ನೋಡುತ್ತ ಕುಳಿತಿದ್ದ. ಅವ್ವನಂತೂ ಬದುಕಿದ್ದಷ್ಟು ದಿನ ಬಿಡಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೂ ಮಾತು ಅಲ್ಲಿಗೇ ಬರುತ್ತಿತ್ತು. “ಮಾಸ್ತರ ಬ್ಯಾಡ ಅಂದ್ರೂ ಎಳದಿ. ನನ್ನ ಮಗನ್ನ ಎಳದು ಕೊಂದಿ.” ಸಾಯುವ ಮುಂಚೆ ಅಪ್ಪನ ಕೈಯಿಂದ ನೀರು ಕುಡಿಯಲೂ ಒಲ್ಲೆನೆಂದಳು. ಅಪ್ಪ ಒಂದು ದಿನವೂ ಎದುರು ಮಾತಾಡಿದ್ದಿಲ್ಲ.

ಹೀಗಾಗಿ ಆ ದಿನ ರೊಟ್ಟಿ ರುಚಿಸಿತು ನನಗೆ. ಊಟ ಮುಗಿಸಿ ಫೋನು ತೆಗೆದುಕೊಂಡು ಅಪ್ಪನ ಹತ್ತಿರ ಹೋದೆ. ವಿಡಿಯೋ ತೋರಿಸಿದೆ. ಅವನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ.

“ಇದು ನಿಂತ ಮ್ಯಾಲ ಯಾರನ್ನರೆ ಒಳಗ ಇಳಸ್ತಾರೇನು?” ಎಂದು ಕೇಳಿದ.

“ಇಳಸ್ತಾರ. ಅಪ್ಪ, ಮಾಸ್ತರ ಸತ್ತನಂತ.”

ಅಪ್ಪ ಫೋನು ಕೆಳಗಿಟ್ಟ. ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ನನಗೆ ಸಿಟ್ಟು ಬಂತು.

“ಅವಗ್ಯಾಕ ರುಮಾಲ ತಗೀತಿ? ನಿನಗ ಸುಳ್ಳ ಹೊರಿಸಿ ಹೋದ. ಎಳದದ್ದಕ್ಕ ಅಣ್ಣ ಸತ್ತಿಲ್ಲ. ಎಳದ್ರ ಯಾರೂ ಸಾಯಂಗಿಲ್ಲ ಅಂತ ಅವನ ನಮಗ ಕಲಿಸ್ಯಾನ.”

“ಗೊತ್ತೈತಿ” ಅಂದ ಅಪ್ಪ.

“ಯಾವಾಗಿಂದ?”

“ಅವತ್ತಿಂದ. ನಾ ನೀರಾಗಿಂದ ನೋಡಿಲ್ಲೇನು, ಬಿರಡಿ ಮ್ಯಾಲ ಯಾರು ಕುಂತಿದ್ರು ಅಂತ? ಹೊತ್ತಾಗಿದ್ದು ಅಲ್ಲೆ. ನಿಮ್ಮವ್ವ ಯಾಕ ಹೊತ್ತಾತು ಅಂತ ಕೇಳಿದ್ಲು. ಏನ್ ಹೇಳಬೇಕಿತ್ತು ಅಂವ? ನಿನ್ನಿಂದ ಆತು ಅನಬೇಕಿತ್ತಾ? ಬೆಳಗ್ಗೆ ಕೊಡ ಹೊರಸಬ್ಯಾಡ ಅಂದಾಕಿನೂ ಆಕಿನ. ಎರಡೂ ತಿಳಿದಿದ್ರ ಅವತ್ತ ಸಂಜಿಗೆ ಬಾವಿ ನೋಡತಿದ್ಲು. ಮಾಸ್ತರ ನನ್ನ ಕಡೆ ತಿರುಗಿದಾಗ ಅವನ ಕಣ್ಣಾಗ ಇತ್ತು, ಬಾಯಿ ತಗೀಬ್ಯಾಡ ಅಂತ.”

“ನಿನ್ನನ್ನ ಕೇಳಿದ್ನೇನು ಅಂವ? ಕೇಳದ ನಿನ್ನ ತಲಿಮ್ಯಾಲ ಹೇರಿದ.”

“ಕೇಳಾಕ ಹೊತ್ತೆಲ್ಲಿತ್ತು ತಮ್ಮಾ. ನನ್ನಿಂದ ಆತು ಅಂತ ನಾನ ಹೇಳಬೇಕಿತ್ತು. ನನಗ ಹೊಳೀಲಿಲ್ಲ, ಅವಗ ಹೊಳೀತು. ನಿಮ್ಮವ್ವ ನನ್ನ ಬೈಕೋತ ಉಂಡ್ಲು, ಬೈಕೋತ ಮಕ್ಕೊಂಡ್ಲು, ಬೈಕೋತ ನಿನ್ನ ಮದುವಿ ಮಾಡಿದ್ಲು. ಬೈಯಾಕ ಒಬ್ಬ ಬೇಕಾಗಿದ್ದ.”

ಆ ಮನುಷ್ಯನಿಗೆ ಅಷ್ಟು ಅಂತಃಕರಣ ಇತ್ತು ಅಂತ ನಾನು ಇವತ್ತಿಗೂ ನಂಬುವುದಿಲ್ಲ. ವೀರೇಶನ ಆನೆಯನ್ನು ನೋಡಿದವನು ನಾನು. ಅವ್ವನನ್ನು ಉಳಿಸಲು ಅಪ್ಪನ ಬದುಕನ್ನು ನುಚ್ಚುನೂರು ಮಾಡಿದ, ಅದೂ ಒಂದು ಕ್ಷಣ ಹಿಂದೆ ಮುಂದೆ ನೋಡದೆ. ಅದನ್ನು ದಯೆ ಅನ್ನಲು ನನಗೆ ನಾಲಿಗೆ ಬರುವುದಿಲ್ಲ. ಆದರೆ ಒತ್ತಡದ ವಿಷಯದಲ್ಲಿ ಅವನು ಆಡಿದ ಸುಳ್ಳು ಅದೊಂದೇ, ಅದಂತೂ ನನಗೆ ಗೊತ್ತು.

“ಇದನ್ನ ಯಾರಿಗೂ ಹೇಳಬ್ಯಾಡ” ಅಂದ ಅಪ್ಪ. “ನಿಮ್ಮವ್ವನ ಹೆಸರು ಊರ ಬಾಯಾಗ ಬೀಳಬಾರದು. ನಾ ಹೋದ ಮ್ಯಾಲ ಏನರೆ ಮಾಡ್ಕೋ.”

ಅಪ್ಪ ಹೋಗಿ ಈಗ ವರ್ಷವಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಅವತ್ತು ನಾವು ಹೀಗೆ ಕುಳಿತಿದ್ದಾಗಲೇ ಫೋನು ಸದ್ದು ಮಾಡಿತು. ಗುಂಪಿನಲ್ಲಿ ವೀರೇಶ ನನ್ನ ಹೆಸರು ಹಾಕಿ ಬರೆದಿದ್ದ. ‘ನಿಮ್ಮಪ್ಪಗ ಅವನು ಅಂದ ಮಾತು ನನಗಿನ್ನೂ ನೆನಪೈತಿ. ಅವನ ಹೆಣ ಹೊರಾಕ ನಾಕು ಮಂದಿ ಸಿಗಲಿಲ್ಲಂತ. ಛಲೋ ಆತು. ಕಲ್ಲಿನ ಮನಸಿನಾಂವ, ಹೌದಲ್ಲೋ?’ ಎಲ್ಲರೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಅಪ್ಪನಿಗೆ ಓದಿ ಹೇಳಿದೆ. ಅವನು ತೊಡೆಯ ಮೇಲಿನ ರುಮಾಲಿನ ಮಡಿಕೆ ಸರಿಮಾಡಿದ.

ನಾನು ‘ಹೌದು’ ಎಂದು ಬರೆದು ಕಳಿಸಿದೆ.

“ಏನಂತ ಬರದಿ?”

“ಹೌದು ಅಂತ.”

“ಛಲೋ ಮಾಡಿದಿ” ಅಂದ ಅಪ್ಪ. ರುಮಾಲನ್ನು ಮತ್ತೆ ತಲೆಗೆ ಸುತ್ತಿಕೊಂಡು, ಆ ಸಮುದ್ರವನ್ನು ಇನ್ನೊಂದು ಸಲ ಹಚ್ಚು ಎಂದ.